ಎಮ್ಮೆಯ ಬಾಲಕ್ಕೆ ಕೆಲಸ ಸಿಕ್ಕಿದ ಕಥೆ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಗುಡ್ಡವನ್ನು ಒತ್ತಿದರೆ ಬೆರಳಿನ ಗುರುತು ಮೂಡುತ್ತಿತ್ತು. ಹೊಳೆಗಳಿಗೆ ಸಮುದ್ರದ ದಾರಿ ಇನ್ನೂ ಬಾಯಿಪಾಠವಾಗಿರಲಿಲ್ಲ. ತಿರುವು ಬಂದಲ್ಲೆಲ್ಲ ನಿಂತು, ದಡದಲ್ಲಿ ಯಾರಿದ್ದರೋ ಅವರನ್ನು, "ಅಣ್ಣಾ, ಹೀಗೆ ಹೋಗಬೇಕೋ, ಹಾಗೆ ಹೋಗಬೇಕೋ?" ಎಂದು ಕೇಳಿಕೊಂಡು ಮುಂದೆ ಹರಿಯುತ್ತಿದ್ದವು.

ಆಗಿನ ಎಮ್ಮೆಗಳ ಕೊಂಬು ಈಗಿನ ಹಾಗೆ ಹಿಂದಕ್ಕೆ ಬಾಗಿರಲಿಲ್ಲ. ಈಟಿಯ ಹಾಗೆ ನೆಟ್ಟಗೆ ಮುಂದಕ್ಕೆ ಚಾಚಿಕೊಂಡಿದ್ದವು. ಬಾಲವೂ ಇತ್ತು. ಆದರೆ ಅದಕ್ಕೆ ಕೆಲಸವಿರಲಿಲ್ಲ. ಮರಕ್ಕೆ ಕಟ್ಟಿ ಮರೆತ ಹಗ್ಗದ ಹಾಗೆ ಸುಮ್ಮನೆ ಜೋತು ಬಿದ್ದಿರುತ್ತಿತ್ತು. ಅದು ಯಾಕಿದೆ ಎಂದು ಎಮ್ಮೆಗಳಿಗೂ ಗೊತ್ತಿರಲಿಲ್ಲ, ಬಾಲಕ್ಕೂ ಗೊತ್ತಿರಲಿಲ್ಲ.

ಅಂಥ ಎಮ್ಮೆಗಳ ಹಿಂಡೊಂದು ಹೊಳೆಯ ದಂಡೆಯಲ್ಲಿ ಮೇಯುತ್ತಿತ್ತು. ಹಿಂಡಿನಲ್ಲಿ ಕಾಡಿಗೆ ಎಂಬ ಎಮ್ಮೆ ಇದ್ದಳು. ಕಣ್ಣಿಗೆ ಹಚ್ಚುವ ಕಾಡಿಗೆಯಷ್ಟೇ ಕಪ್ಪು, ಅಷ್ಟೇ ನುಣುಪು. ಒಳ್ಳೆಯವಳು. ಎಳೆ ಹುಲ್ಲು ಕಂಡರೆ ಉಳಿದವರನ್ನೂ ಕರೆದು ತಿನ್ನುವವಳು. ಹಣೆಯಲ್ಲಿ ಬಿಳಿ ಚುಕ್ಕೆಯಿದ್ದ ತನ್ನ ಕರು ಬೊಟ್ಟುವಿನ ಮೇಲೆ ಪ್ರಾಣವನ್ನೇ ಇಟ್ಟುಕೊಂಡವಳು.

ಆದರೆ ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಬೆಳಗ್ಗೆ ಎದ್ದ ಕೂಡಲೇ ಎಲೆಯಿಂದ ಇಬ್ಬನಿಯ ಹನಿಯೊಂದು ಟಪ್ಪೆಂದು ಅವಳ ಮೇಲೆ ಬೀಳುತ್ತಿತ್ತು. "ಯಾರದು?" ಎಂದು ಕಾಡಿಗೆ ಮರಕ್ಕೆ ಗುದ್ದುತ್ತಿದ್ದಳು. ಗುದ್ದಿದ ರಭಸಕ್ಕೆ ಮರದಲ್ಲಿದ್ದ ಇಬ್ಬನಿಯೆಲ್ಲ ಅವಳ ತಲೆಯ ಮೇಲೇ ಸುರಿಯುತ್ತಿತ್ತು.

ಹುಲ್ಲಿಗೆ ಬಾಯಿ ಹಾಕಿದರೆ ಗಾಳಿ ಬಂದು ಹುಲ್ಲನ್ನು ಆ ಕಡೆಗೆ ಬಾಗಿಸುತ್ತಿತ್ತು. "ಏ ಗಾಳಿ, ನಾನು ತಿನ್ನೋದು ಕಾಣಲ್ವಾ?" ಎಂದು ಕಾಡಿಗೆ ಜಗಳಕ್ಕೆ ನಿಲ್ಲುತ್ತಿದ್ದಳು. ಅವಳ ಮಾತು ಮುಗಿಯುವಷ್ಟರಲ್ಲಿ ಗಾಳಿ ಮೂರು ಗುಡ್ಡ ದಾಟಿ ಹೋಗಿರುತ್ತಿತ್ತು. ಕಾಡಿಗೆ ಮಾತ್ರ ಇನ್ನೂ ಅಲ್ಲೇ ನಿಂತು ಬೈಯುತ್ತಿರುತ್ತಿದ್ದಳು.

ಎಲ್ಲಕ್ಕಿಂತ ಹೆಚ್ಚಾಗಿ ನೊಣ. ನೊಣ ಬಂದು ಮೈಮೇಲೆ ಕೂತರೆ ಅವಳ ಮೈಯೆಲ್ಲ ಉರಿಯುತ್ತಿತ್ತು. ತಲೆ ಒದರುತ್ತಿದ್ದಳು, ಕಾಲು ಅಪ್ಪಳಿಸುತ್ತಿದ್ದಳು. ನೊಣ ಎದ್ದು ಹಾರಿದರೆ ಅದರ ಬೆನ್ನು ಹತ್ತಿ ಓಡುತ್ತಿದ್ದಳು. ಬೇಲಿಯಿಂದ ಪೊದೆಗೆ, ಪೊದೆಯಿಂದ ಬಂಡೆಗೆ, ಬಂಡೆಯಿಂದ ಮತ್ತೆ ಬೇಲಿಗೆ.

ಹೀಗಾದರೆ ಹೊಟ್ಟೆ ತುಂಬುವುದು ಹೇಗೆ? ಹುಲ್ಲು ಬಾಯಿಗೆ ಹೋದರೆ ತಾನೆ ಹಾಲು ಕೆಚ್ಚಲಿಗೆ ಇಳಿಯುವುದು? ಸಂಜೆ ಬೊಟ್ಟು ಓಡಿ ಬಂದು ಮೊಲೆಗೆ ಬಾಯಿ ಹಾಕಿ, ನಾಲ್ಕು ಗುಟುಕಿಗೇ ತಲೆಯೆತ್ತಿ ಕೇಳುತ್ತಿತ್ತು.

"ಅವ್ವಾ, ಇಷ್ಟೇನಾ?"

"ಇವತ್ತು ಇಷ್ಟೇ ಕಂದ. ಏನಾಯ್ತು ಗೊತ್ತಾ? ಬೆಳಗ್ಗೆ ಆ ಮರ ಇದೆಯಲ್ಲ..." ಎಂದು ಕಾಡಿಗೆ ಶುರು ಮಾಡುತ್ತಿದ್ದಳು. ಮರದ ಮೇಲಿನ ದೂರು, ಗಾಳಿಯ ಮೇಲಿನ ದೂರು, ಕಿವಿಯ ಹತ್ತಿರ ವಟಗುಟ್ಟಿದ ಕಪ್ಪೆಯ ಮೇಲಿನ ದೂರು, ನೊಣದ ಮೇಲಿನ ದೂರು.

"ಅವ್ವಾ, ಹೊಳೆಯಲ್ಲಿ ಇವತ್ತು ತಾವರೆ ಅರಳಿತ್ತಂತೆ. ಕೆಂಪಾಗಿತ್ತಾ?"

"ತಾವರೆನಾ? ನಾನು ನೋಡಲಿಲ್ಲ ಕಂದ," ಎನ್ನುತ್ತಿದ್ದಳು ಕಾಡಿಗೆ. ಅದೊಂದು ಮಾತು ಹೇಳುವಾಗ ಮಾತ್ರ ಅವಳಿಗೆ ಒಳಗೊಳಗೇ ಬೇಸರವಾಗುತ್ತಿತ್ತು. ಇಡೀ ದಿನ ಹೊಳೆಯ ದಂಡೆಯಲ್ಲೇ ಇದ್ದೆ, ತಾವರೆ ಯಾಕೆ ಕಾಣಲಿಲ್ಲ?

ಹಿಂಡಿನಲ್ಲಿ ಎಲ್ಲರಿಗಿಂತ ಹಿರಿಯಳು ಡೊಳ್ಳಜ್ಜಿ. ಹೊಟ್ಟೆ ನೆಲಕ್ಕೆ ತಾಗುವ ಹಾಗೆ ದೊಡ್ಡದಾಗಿದ್ದರಿಂದ ಆ ಹೆಸರು. ಒಂದು ದಿನ ಡೊಳ್ಳಜ್ಜಿ ಮೆಲುಕು ಹಾಕುತ್ತಾ ಕೇಳಿದಳು.

"ಏನೇ ಕಾಡಿಗೇ, ಬೆಳಗ್ಗಿನಿಂದ ಯಾರ ಜೊತೆ ಕಾದಾಟ?"

"ನೊಣದ ಜೊತೆ, ಅಜ್ಜಿ."

"ಎಷ್ಟು ದೊಡ್ಡ ನೊಣ?"

"ನೊಣದಷ್ಟು ದೊಡ್ಡದು."

"ಅಷ್ಟೇ ತಾನೆ? ಬಿಟ್ಟುಬಿಡೇ."

ಕಾಡಿಗೆಗೆ ಇನ್ನೂ ಸಿಟ್ಟು ಬಂತು. "ಬಿಡು, ಬಿಡು ಅಂತ ಎಲ್ಲರೂ ಹೇಳ್ತಾರೆ. ಎಲ್ಲಿ ಬಿಡಬೇಕು, ಯಾರ ಹತ್ತಿರ ಬಿಡಬೇಕು ಅಂತ ಒಬ್ಬರಾದರೂ ಹೇಳ್ತಾರಾ? ನಾನು ಬಿಟ್ಟರೂ ಅದು ನನ್ನನ್ನು ಬಿಡಬೇಕಲ್ಲ!"

ಡೊಳ್ಳಜ್ಜಿ ಮೆಲುಕು ನಿಲ್ಲಿಸಿ ಯೋಚಿಸಿದಳು. ಅವಳಿಗೂ ಅದು ಗೊತ್ತಿರಲಿಲ್ಲ. "ನೀನು ಹೇಳೋದೂ ನಿಜವೇ," ಎಂದು ಮತ್ತೆ ಮೆಲುಕು ಹಾಕತೊಡಗಿದಳು.

ಇದನ್ನೆಲ್ಲ ಜೊಂಡಿನ ಮರೆಯಲ್ಲಿ ಕೂತು ಒಬ್ಬ ನೋಡುತ್ತಿದ್ದ. ಅವನು ಹುಲಿ.

ಹುಲಿಗೆ ಬೊಟ್ಟುವಿನ ಮೇಲೆ ಆಸೆ. ಎಮ್ಮೆಗಳ ಈಟಿಯಂಥ ಕೊಂಬುಗಳ ಮೇಲೆ ಭಯ. ಹಾಗಾಗಿ ನೋಡುತ್ತಾ ಕೂತಿದ್ದ. ನೋಡುತ್ತಾ ನೋಡುತ್ತಾ ಅವನಿಗೆ ಒಂದು ಸಂಗತಿ ಹೊಳೆಯಿತು. ನೊಣ ಬಂದಾಗಲೆಲ್ಲ ಕಾಡಿಗೆ ಕಣ್ಣು ಮುಚ್ಚಿ ತಲೆ ಒದರುತ್ತಾಳೆ. ಆಮೇಲೆ ಕರುವನ್ನು ಬಿಟ್ಟು ಓಡುತ್ತಾಳೆ.

ಗಾಳಿ ಆ ದಾರಿಯಲ್ಲಿ ಬಂದು, "ಏನು ಹುಲಿಯಣ್ಣ, ಯಾರಿಗೆ ಕಾಯ್ತಾ ಇದ್ದೀಯ?" ಎಂದು ಕೇಳಿತು.

"ನೊಣಕ್ಕೆ," ಎಂದ ಹುಲಿ.

ಗಾಳಿಗೆ ಅರ್ಥವಾಗಲಿಲ್ಲ. ತಲೆ ಅಲ್ಲಾಡಿಸಿಕೊಂಡು ಮುಂದೆ ಹೋಯಿತು.

ಒಂದು ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತಿತ್ತು. ಹಿಂಡು ನೀರಿಗಿಳಿಯಲು ಹೊಳೆಯ ತಿರುವಿನ ಕಡೆಗೆ ಹೊರಟಿತು. ಕಾಡಿಗೆ ಕೊನೆಯಲ್ಲಿದ್ದಳು, ಅವಳ ಪಕ್ಕದಲ್ಲಿ ಬೊಟ್ಟು. ಬೊಟ್ಟು ಒಂದು ಚಿಟ್ಟೆಯನ್ನು ನೋಡುತ್ತಾ ನಿಂತಿತು. ಕಾಡಿಗೆಯೂ ನಿಂತಳು.

ಆಗ ನೊಣ ಬಂತು. ಗುಂಯ್ ಎಂದು ಒಂದು ಸುತ್ತು ಹಾಕಿ ನೇರವಾಗಿ ಅವಳ ಮೂಗಿನ ತುದಿಯ ಮೇಲೆ ಕೂತಿತು.

ಕಾಡಿಗೆ ತಲೆ ಒದರಿದಳು. ನೊಣ ಎದ್ದಿತು, ಮತ್ತೆ ಕೂತಿತು. ಮತ್ತೆ ಒದರಿದಳು. ಮತ್ತೆ ಕೂತಿತು.

"ಇವತ್ತು ನಿನ್ನನ್ನು ಬಿಡೋದಿಲ್ಲ!" ಎಂದು ಕಾಡಿಗೆ ಬೆನ್ನು ಹತ್ತಿದಳು. "ಬೊಟ್ಟು, ಇಲ್ಲೇ ಇರು. ಈಗ ಬಂದೆ!"

ನೊಣ ಆತುರವಿಲ್ಲದೆ ಹಾರುತ್ತಾ ಹೋಯಿತು. ಬೇಲಿ ದಾಟಿತು, ಹಳ್ಳ ದಾಟಿತು, ಬಯಲು ದಾಟಿತು. ಕಾಡಿಗೆಯೂ ದಾಟಿದಳು. ಕೊನೆಗೆ ನೊಣ ದೊಡ್ಡದೊಂದು ಮತ್ತಿಮರದ ಬೊಡ್ಡೆಯ ಮೇಲೆ ಕೂತು ಮುಂಗಾಲು ಉಜ್ಜಿಕೊಳ್ಳತೊಡಗಿತು. ಕಾಡಿಗೆ ತಲೆ ತಗ್ಗಿಸಿದಳು, ಇದ್ದ ಬಲವನ್ನೆಲ್ಲ ಹಾಕಿ ನುಗ್ಗಿದಳು.

ಲೋಕ ಹೊಸದು. ಮರವೂ ಇನ್ನೂ ಮೆತ್ತಗಿತ್ತು. ಎರಡೂ ಕೊಂಬು ಬುಡದ ತನಕ ಮರದೊಳಗೆ ಹೊಕ್ಕು ಸಿಕ್ಕಿಕೊಂಡವು.

"ಅಯ್ಯಯ್ಯೋ!" ಎಂದಿತು ಮರ. "ನನಗ್ಯಾಕೆ ಚುಚ್ಚಿದೆ ತಾಯಿ?"

"ನಿನಗಲ್ಲ, ನೊಣಕ್ಕೆ!"

"ನೊಣ ಆಗಲೇ ಹಾರಿಹೋಯಿತಲ್ಲ."

ನಿಜ. ನೊಣ ಹಾರಿ ಅವಳ ಮೂಗಿನ ತುದಿಯ ಮೇಲೆ ಕೂತಿತ್ತು. "ಯಾಕೆ ನಿಂತೆ? ಸುಸ್ತಾಯ್ತಾ?" ಎಂದು ಕೇಳಿತು. "ದಿನಾ ನನ್ನ ಜೊತೆ ತಿರುಗಾಡೋದಕ್ಕೆ ಬರ್ತೀಯ. ಒಳ್ಳೆ ಗೆಳತಿ ಸಿಕ್ಕಿದಳು ಅಂದುಕೊಂಡಿದ್ದೆ."

ಕಾಡಿಗೆ ಮೂಗಿನ ತುದಿಯತ್ತ ಕಣ್ಣು ತಿರುಗಿಸಿ ನೋಡಿದಳು. ಇಷ್ಟು ದಿನದ ಜಗಳ! ಎದುರಾಳಿಗೆ ಜಗಳ ನಡೆಯುತ್ತಿದೆ ಎಂಬುದೇ ಗೊತ್ತಿಲ್ಲ!

ಅಷ್ಟರಲ್ಲಿ ಗಾಳಿ ಹೊಳೆಯ ಕಡೆಯಿಂದ ಬಂತು. ಗಾಳಿಯ ಜೊತೆ ಒಂದು ವಾಸನೆ ಬಂತು. ಹುಲಿಯ ವಾಸನೆ. ಅದರ ಹಿಂದೆಯೇ ಸಣ್ಣದೊಂದು ದನಿ ಬಂತು.

"ಅವ್ವಾ..."

ಕಾಡಿಗೆ ತಲೆಯನ್ನು ಹಿಂದಕ್ಕೆ ಜಗ್ಗಿದಳು. ಕೊಂಬು ಬರಲಿಲ್ಲ. ಮತ್ತೆ ಜಗ್ಗಿದಳು. ಇನ್ನೂ ಬಿಗಿಯಾಯಿತು. ಓಡಿ ಓಡಿ ಮೈ ಬೆವರಿತ್ತು. ಬೆವರಿನ ವಾಸನೆಗೆ ಇನ್ನಷ್ಟು ನೊಣಗಳು ಬಂದವು. ಬೆನ್ನಿನ ಮೇಲೆ, ತೊಡೆಯ ಮೇಲೆ, ಪಕ್ಕೆಯ ಮೇಲೆ ಕೂತು ಕಚ್ಚತೊಡಗಿದವು. ಅವು ಕಚ್ಚಿದಾಗಲೆಲ್ಲ ಕಾಡಿಗೆ ಬೆಚ್ಚಿ ಮೈ ಒದರುತ್ತಿದ್ದಳು. ಒದರಿದಾಗಲೆಲ್ಲ ಕೊಂಬು ಇನ್ನಷ್ಟು ಸಿಕ್ಕಿಕೊಳ್ಳುತ್ತಿತ್ತು.

"ಒದರಬೇಡ ತಾಯಿ, ನೋಯುತ್ತೆ," ಎಂದಿತು ಮರ. "ನೋವಾದರೆ ನಾನು ಬಿಗಿದುಕೊಳ್ತೀನಿ. ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ತಿರುವು. ನಾನೂ ಸಡಿಲ ಬಿಡ್ತೀನಿ. ಆದರೆ ನೀನು ಅಲ್ಲಾಡದೆ ನಿಲ್ಲಬೇಕು."

"ಹೇಗೆ ನಿಲ್ಲಲಿ?" ಎಂದು ಕಾಡಿಗೆ ಅತ್ತಳು. "ಮೈ ತುಂಬಾ ನೊಣ! ಇವನ್ನೆಲ್ಲ ಎಲ್ಲಿ ಬಿಡಲಿ?"

"ನನ್ನ ಹತ್ತಿರ ಬಿಡು," ಎಂದಿತು ಒಂದು ದನಿ.

ಅದು ಹಿಂದಿನಿಂದ ಬಂದ ದನಿ. ಕಾಡಿಗೆ ಆ ದನಿಯನ್ನು ಎಂದೂ ಕೇಳಿರಲಿಲ್ಲ.

"ಯಾರು?"

"ನಾನು, ಬಾಲ."

"ನೀನಾ? ನಿನಗೆ ಏನು ಬರುತ್ತೆ?"

"ಏನೂ ಬರಲ್ಲ," ಎಂದಿತು ಬಾಲ ಸಂಕೋಚದಿಂದ. "ಅದಕ್ಕೇ ಕೇಳೋದು, ಸಣ್ಣ ಕೆಲಸ ಇದ್ದರೆ ನನಗೆ ಕೊಡು ಅಂತ. ದೊಡ್ಡದನ್ನು ನೀನು ನೋಡಿಕೋ."

ಬಾಲ ಮೆಲ್ಲಗೆ ಎದ್ದಿತು. ಹುಟ್ಟಿದಾಗಿನಿಂದ ಕೆಲಸ ಮಾಡಿದ್ದಲ್ಲ. ಮೊದಲು ಬೀಸಿದಾಗ ಗಾಳಿಗೆ ಬಡಿಯಿತು. ಆಮೇಲೆ ಬೀಸಿದಾಗ ಅವಳ ತೊಡೆಗೇ ಛಟೀರನೆ ಬಡಿಯಿತು. "ತಪ್ಪಾಯ್ತು," ಎಂದಿತು. ಆಮೇಲೆ ಹದ ಸಿಕ್ಕಿತು. ಅತ್ತ ಒಂದು ಬೀಸು, ಇತ್ತ ಒಂದು ಬೀಸು. ಅತ್ತ ಒಂದು ಬೀಸು, ಇತ್ತ ಒಂದು ಬೀಸು. ಬೆನ್ನಿನ ನೊಣ ಎದ್ದವು, ತೊಡೆಯ ನೊಣ ಎದ್ದವು. ಮತ್ತೆ ಬಂದು ಕೂತವು. ಬಾಲಕ್ಕೆ ಬೇಸರವಿಲ್ಲ. ಅತ್ತ ಒಂದು ಬೀಸು, ಇತ್ತ ಒಂದು ಬೀಸು.

"ಮೂಗಿನ ಮೇಲಿರೋದು?" ಎಂದು ಕೇಳಿದಳು ಕಾಡಿಗೆ.

"ಅಲ್ಲಿಯ ತನಕ ನನ್ನ ಕೈ ಎಟುಕಲ್ಲ," ಎಂದಿತು ಬಾಲ. "ಅದೊಂದನ್ನು ನೀನೇ ತಡೆದುಕೋಬೇಕು."

ಕಾಡಿಗೆ ಕಾಲೂರಿ ನಿಂತಳು. ನೊಣ ಮೂಗಿನಿಂದ ಮೇಲಕ್ಕೆ ನಡೆಯಿತು. ಅದರ ಆರು ಕಾಲೂ ಬೇರೆ ಬೇರೆಯಾಗಿ ಅವಳಿಗೆ ತಿಳಿಯುತ್ತಿದ್ದವು. ಕಣ್ಣಲ್ಲಿ ನೀರು ಬಂತು. ಒದರಿಬಿಡಲೇ ಎನಿಸಿತು. ಆಗ ದೂರದಿಂದ ಮತ್ತೆ "ಅವ್ವಾ" ಎಂದು ಕೇಳಿತು. ಕಾಡಿಗೆ ತನ್ನ ಎರಡೂ ಕಿವಿಗಳನ್ನು ಆ ದನಿಯ ಕಡೆಗೆ ತಿರುಗಿಸಿ ಅಲ್ಲೇ ಇಟ್ಟಳು.

ತುರಿಕೆ ಹೋಯಿತೇ? ಇಲ್ಲ, ಹೋಗಲಿಲ್ಲ. ಆದರೆ ಅದು ಮೂಗಿನ ಮೇಲಷ್ಟೇ ಇತ್ತು. ಮೊದಲಿನ ಹಾಗೆ ತಲೆಯೊಳಗೆಲ್ಲ ತುಂಬಿಕೊಂಡಿರಲಿಲ್ಲ. ನೊಣ ನೊಣದಷ್ಟೇ ಆಗಿತ್ತು.

ಕಾಡಿಗೆ ಸ್ವಲ್ಪ ತಿರುವಿದಳು. ಮರ ಸ್ವಲ್ಪ ಸಡಿಲವಾಯಿತು. ಇನ್ನು ಸ್ವಲ್ಪ ತಿರುವಿದಳು. ಆಗಿನ್ನೂ ಎಮ್ಮೆಯ ಕೊಂಬೂ ಪೂರ್ತಿ ಗಟ್ಟಿಯಾಗಿರಲಿಲ್ಲ. ತಿರುವಿದ ಹಾಗೆಲ್ಲ ಬಾಗುತ್ತಾ, ಬಾಗುತ್ತಾ ಮರದಿಂದ ಹೊರಗೆ ಬಂದವು. ಕುಡುಗೋಲಿನ ಹಾಗೆ ಹಿಂದಕ್ಕೆ ಬಾಗಿಯೇ ಉಳಿದವು.

ಅದನ್ನು ನೋಡಿಕೊಳ್ಳಲು ಕಾಡಿಗೆಗೆ ಪುರುಸೊತ್ತು ಎಲ್ಲಿ? ಬಯಲು ದಾಟಿದಳು, ಹಳ್ಳ ದಾಟಿದಳು, ಬೇಲಿ ದಾಟಿದಳು.

ಬೊಟ್ಟು ಒಂದು ಬಂಡೆಗೆ ಬೆನ್ನು ಒತ್ತಿ ನಿಂತಿತ್ತು. ಅದರ ಎದುರಿಗೆ ಹುಲಿ ಹೊಟ್ಟೆ ನೆಲಕ್ಕೆ ತಾಗಿಸಿ ತೆವಳುತ್ತಿದ್ದ. ಕಾಡಿಗೆ ಹೋಗಿ ಅವರಿಬ್ಬರ ನಡುವೆ ನಿಂತಳು.

ಹುಲಿ ಹೆದರಲಿಲ್ಲ. ಅವನ ಕಣ್ಣು ಅವಳ ಮೂಗಿನ ಮೇಲಿತ್ತು. ನೊಣ ಇನ್ನೂ ಅಲ್ಲೇ ಕೂತಿತ್ತು. ಇನ್ನೇನು, ಈಗ ಕಣ್ಣು ಮುಚ್ಚುತ್ತಾಳೆ, ಈಗ ತಲೆ ಒದರುತ್ತಾಳೆ. ಆ ಒಂದು ಗಳಿಗೆ ಸಾಕು, ಪಕ್ಕದಿಂದ ನುಗ್ಗಿ ಕರುವನ್ನು ಹಿಡಿದುಬಿಡಬಹುದು. ಹುಲಿ ಕಾದ.

ಕಾಡಿಗೆ ಒದರಲಿಲ್ಲ.

ಹುಲಿ ಇನ್ನೂ ಕಾದ. ನೊಣ ಅವಳ ಎರಡು ಕಣ್ಣುಗಳ ನಡುವೆ ನಡೆದಾಡಿ ಮತ್ತೆ ಮೂಗಿಗೆ ಬಂದು ಕೂತಿತು. ಹುಲಿಗೇ ತಡೆಯಲಾಗಲಿಲ್ಲ.

"ಕಾಡಿಗೆಮ್ಮಾ, ನಿನ್ನ ಮೂಗಿನ ಮೇಲೆ ನೊಣ ಇದೆ."

"ಗೊತ್ತು," ಎಂದಳು ಕಾಡಿಗೆ.

"ಕಚ್ಚುತ್ತೆ."

"ಕಚ್ತಾ ಇದೆ."

"ಓಡಿಸಲ್ವಾ?"

"ಈಗ ಪುರುಸೊತ್ತಿಲ್ಲ."

ಅವಳ ಕಣ್ಣು ಹುಲಿಯ ಮೇಲಿಂದ ಕದಲಲಿಲ್ಲ. ಅವಳ ಹಿಂದೆ ಬಾಲ ಮಾತ್ರ ತನ್ನ ಪಾಡಿಗೆ ತಾನು ಬೀಸುತ್ತಿತ್ತು. ಅತ್ತ ಒಂದು ಬೀಸು, ಇತ್ತ ಒಂದು ಬೀಸು.

ಹುಲಿಯ ಬೆನ್ನಿನ ಕೂದಲು ಎದ್ದು ನಿಂತಿತು. ಮೂಗಿನ ಮೇಲೆ ನೊಣ ಕಚ್ಚುತ್ತಿದ್ದರೂ ಕಣ್ಣು ಮಿಟುಕಿಸದ ಎಮ್ಮೆಯನ್ನು ಅವನು ಕಂಡಿರಲಿಲ್ಲ. ಇಂಥವಳು ಒಮ್ಮೆ ತಲೆ ತಗ್ಗಿಸಿದರೆ? ಆ ಬಾಗಿದ ಕೊಂಬು ಎತ್ತ ಕಡೆಯಿಂದ ಬರುತ್ತದೋ ಯಾರಿಗೆ ಗೊತ್ತು? ಒಂದು ಹೆಜ್ಜೆ ಹಿಂದಿಟ್ಟ. ಇನ್ನೊಂದು ಹೆಜ್ಜೆ ಹಿಂದಿಟ್ಟ. "ಗುಡ್ಡದ ಆಚೆ ಸ್ವಲ್ಪ ಕೆಲಸ ಇತ್ತು," ಎಂದು ಜೊಂಡಿನೊಳಗೆ ನುಸುಳಿ ಹೋದ.

ಕಾಡಿಗೆ ಅವನನ್ನು ಅಟ್ಟಿಸಿಕೊಂಡು ಹೋಗಲಿಲ್ಲ. ಜೊಂಡಿನ ಅಲುಗಾಟ ನಿಲ್ಲುವ ತನಕ ನೋಡುತ್ತಾ ನಿಂತಳು. ಆಮೇಲೆ ಬೊಟ್ಟು ಬಂದು ಅವಳ ಹೊಟ್ಟೆಯ ಕೆಳಗೆ ತೂರಿಕೊಂಡಿತು. ಕಾಡಿಗೆ ಕತ್ತು ತಿರುಗಿಸಿ ಅದರ ಬೆನ್ನು ನೆಕ್ಕಿದಳು.

ಹುಲಿಯ ವಾಸನೆ ತಿಳಿದು ಹಿಂಡು ಓಡಿ ಬಂತು. ಡೊಳ್ಳಜ್ಜಿ ಕಾಡಿಗೆಯ ಕೊಂಬು ನೋಡಿದಳು, ಬಾಲ ನೋಡಿದಳು, ಮೂಗು ನೋಡಿದಳು.

"ನೊಣ ಕೂತಿದೆಯಲ್ಲೇ!"

"ಕೂತಿರಲಿ ಬಿಡಿ ಅಜ್ಜಿ. ಅದಕ್ಕೂ ಸುಸ್ತಾಗಿರುತ್ತೆ."

ಅದನ್ನು ಕೇಳಿ ನೊಣಕ್ಕೆ ಏನನ್ನಿಸಿತೋ, ಎದ್ದು ತನ್ನ ಪಾಡಿಗೆ ಹಾರಿಹೋಯಿತು.

ಮಾರನೆಯ ದಿನದಿಂದ ಕಾಡಿಗೆ ಸಿಟ್ಟೇ ಮಾಡಲಿಲ್ಲ ಎಂದುಕೊಳ್ಳಬೇಡಿ. ಬೆಳಗ್ಗೆ ಎಂದಿನ ಹಾಗೆ ಇಬ್ಬನಿ ಟಪ್ಪೆಂದು ಬಿತ್ತು. "ಯಾರದು?" ಎಂದು ಕಾಡಿಗೆ ಎದ್ದೇಬಿಟ್ಟಳು.

"ಅಕ್ಕಾ," ಎಂದಿತು ಹಿಂದಿನಿಂದ ಬಾಲ, "ಇದು ನಿನ್ನದೋ, ನನ್ನದೋ?"

ಕಾಡಿಗೆ ನಿಂತು ಯೋಚಿಸಿದಳು. "ನಿನ್ನದು," ಎಂದಳು. ಬಾಲ ಒಮ್ಮೆ ಬೀಸಿತು. ಅಲ್ಲಿಗೆ ಇಬ್ಬನಿಯ ಜಗಳ ಮುಗಿಯಿತು.

ಹುಲ್ಲನ್ನು ಬಾಗಿಸಲು ಗಾಳಿ ಬಂತು. "ಇದು ನಿನ್ನದೋ, ನನ್ನದೋ?" "ನಿನ್ನದು." ಕಪ್ಪೆ ಕಿವಿಯ ಹತ್ತಿರವೇ ವಟಗುಟ್ಟಿತು. "ನಿನ್ನದು." ಬೆಳ್ಳಕ್ಕಿಯೊಂದು ಕೇಳದೆ ಬೆನ್ನಿನ ಮೇಲೆ ಇಳಿದು ಕಚಗುಳಿ ಇಡುತ್ತಾ ನಡೆಯಿತು. ಕಾಡಿಗೆ ಸ್ವಲ್ಪ ಹೊತ್ತು ಹಲ್ಲು ಕಚ್ಚಿಕೊಂಡಳು. ನೋಡಿದರೆ ಅದು ನೊಣ ಹಿಡಿದು ತಿನ್ನುತ್ತಿತ್ತು. "ಇದು ಯಾರದೂ ಅಲ್ಲ, ಕೂತಿರಲಿ," ಎಂದಳು. ಕೆಲವು ದಿನ ಮರೆತು ತಾನೇ ಜಗಳಕ್ಕೆ ಹೋಗಿ, ಅರ್ಧ ದಾರಿಯಲ್ಲಿ ನೆನಪಾಗಿ ಹಿಂದಿರುಗಿದ್ದೂ ಉಂಟು.

ಕೇಳಿ ಕೇಳಿ ಉತ್ತರವೆಲ್ಲ ಗೊತ್ತಾದ ಮೇಲೆ ಬಾಲ ಕೇಳುವುದನ್ನು ಬಿಟ್ಟಿತು. ಸಣ್ಣದನ್ನೆಲ್ಲ ತಾನೇ ನೋಡಿಕೊಳ್ಳತೊಡಗಿತು. ಕಾಡಿಗೆ ತಲೆ ತಗ್ಗಿಸಿ ಹೊಟ್ಟೆ ತುಂಬಾ ಮೇಯ್ದಳು. ಹೊಳೆಯಲ್ಲಿ ಕುತ್ತಿಗೆಯ ತನಕ ಮುಳುಗಿ, ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕಿದಳು. ಬೊಟ್ಟು ಹಾಲು ಕುಡಿದು ಕುಡಿದು ಮೂತಿಯ ತುಂಬಾ ನೊರೆ ಮಾಡಿಕೊಂಡಿತು.

ಹಿಂಡಿನ ಎಮ್ಮೆಗಳೆಲ್ಲ ಇದನ್ನು ನೋಡಿ ತಮ್ಮ ತಮ್ಮ ಬಾಲವನ್ನು ಮಾತಾಡಿಸಿದವು. ಎಲ್ಲ ಬಾಲಗಳೂ ಕೆಲಸಕ್ಕಾಗಿಯೇ ಕಾಯುತ್ತಿದ್ದವು. ಆಮೇಲೆ ಹುಟ್ಟಿದ ಕರುಗಳಿಗೆಲ್ಲ ಕೊಂಬು ಹಿಂದಕ್ಕೆ ಬಾಗಿಯೇ ಬಂದವು.

ನೀವೂ ನೋಡಿರುತ್ತೀರಿ. ಎಮ್ಮೆ ನಡುರಸ್ತೆಯಲ್ಲಿ ನಿಂತಿರುತ್ತದೆ. ಬಸ್ಸಿನವನು ಹಾರನ್ ಮೇಲೆ ಹಾರನ್ ಹೊಡೆಯುತ್ತಾನೆ, ಜನ ಕಿಟಕಿಯಿಂದ ತಲೆ ಹಾಕಿ ಕೂಗುತ್ತಾರೆ, ಮಳೆ ಸುರಿಯುತ್ತಿರುತ್ತದೆ. ಎಮ್ಮೆ ಮೆಲುಕು ಹಾಕುತ್ತಲೇ ಇರುತ್ತದೆ, ಬಾಲ ಬೀಸುತ್ತಲೇ ಇರುತ್ತದೆ. ಎಮ್ಮೆಗೆ ಏನೂ ತಿಳಿಯುವುದಿಲ್ಲ ಎಂದು ಜನ ನಗುತ್ತಾರೆ. ನಗಲಿ. ಆದರೆ ಅದರ ಕರುವಿನ ಹತ್ತಿರ ಮಾತ್ರ ಯಾರೂ ಕೋಲು ಹಿಡಿದು ಹೋಗಬೇಡಿ. ಆ ಬಾಲ ಬೀಸುವುದು ತಟ್ಟನೆ ನಿಂತಿತೆಂದರೆ, ಈ ಕೆಲಸ ಇನ್ನು ಕೊಂಬಿನದು ಎಂದೇ ಅರ್ಥ.